ಚಿಕ್ಕಮ್ಮನ ಹಣ ತುಳು ಸಂಶೋಧನೆಗೆ ಹೋಗಬೇಕು: ವೀಲುನಾಮೆಯಲ್ಲಿ ಏನು ಬರೆಸಬೇಕು?

ಉಡುಪಿಯಲ್ಲಿರುವ ನಿಮ್ಮ ಚಿಕ್ಕಮ್ಮ ನಿವೃತ್ತ ಅಧ್ಯಾಪಕಿ, ಮಕ್ಕಳಿಲ್ಲ, ತಮ್ಮ ಕಾಲಾನಂತರ 10 ಲಕ್ಷ ರೂಪಾಯಿ ಪಾಡ್ದನಗಳ, ಅಂದರೆ ತುಳುವಿನ ಮೌಖಿಕ ಕಥನಗೀತೆಗಳ, ಸಂಶೋಧನೆಗೆ ಸಲ್ಲಬೇಕು ಎನ್ನುತ್ತಾರೆ ಎಂದು ಬರೆದಿದ್ದೀರಿ. ತುಂಬ ಸಂತೋಷವಾಯಿತು. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಮಂಗಳೂರಿನಲ್ಲಿ ಒಂದು ಸಣ್ಣ ವಿದ್ಯಾದತ್ತಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ.

ಮೊದಲು ಲೆಕ್ಕವನ್ನೇ ಹೇಳುತ್ತೇನೆ. ಇಡುಗಂಟು ಮುಟ್ಟದೆ ಬಡ್ಡಿ ಮಾತ್ರ ಬಳಸಬೇಕೆಂದರೆ, ಶೇಕಡಾ 7ರಂತೆ ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಎರಡು ತಿಂಗಳಿಗೂ ಸಾಲುವುದಿಲ್ಲ. ಆದರೆ ಹಾಡುವವರ ಮನೆಗೆ ಹೋಗಿಬರುವ ಖರ್ಚು, ಅವರಿಗೊಂದು ಗೌರವಧನ, ಧ್ವನಿಮುದ್ರಣ, ಅದನ್ನು ಕೇಳಿ ಬರೆದಿಡುವ ಕೆಲಸ, ಇಷ್ಟಕ್ಕೆ ಅದು ಒಳ್ಳೆಯ ಮೊತ್ತ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಪಾಡ್ದನ ಹೇಳುತ್ತಿದ್ದ ಹೆಂಗಸರಿಗೆ ಈಗ ವಯಸ್ಸಾಗಿದೆ. ಅದಕ್ಕೇ ನನ್ನ ಸಲಹೆ: ಶಾಶ್ವತ ನಿಧಿಯೇ ಆಗಬೇಕೆಂದು ಪಟ್ಟು ಹಿಡಿಯಬೇಡಿ. ಐದು ವರ್ಷದೊಳಗೆ ಅಸಲು ಬಡ್ಡಿ ಎರಡನ್ನೂ ಸಂಗ್ರಹಕ್ಕೆ ಖರ್ಚು ಮಾಡಬಹುದು ಎಂದು ಬರೆಸಿ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟು ಬಂತಲ್ಲ, ಅದರ ಹಿಂದೆಯೂ ಊರೂರು ಸುತ್ತಿ ಪದ ಕೂಡಿಹಾಕಿದ ದುಡಿಮೆ ಇದೆ. ಚಿನ್ನದ ಪದಕ ಇಡುವವರು ಬೇಕಾದಷ್ಟು ಜನ ಇದ್ದಾರೆ, ಇಂಥ ಓಡಾಟಕ್ಕೆ ಕೊಡುವವರು ಕಡಿಮೆ.

ಉದ್ದೇಶವನ್ನು ತೀರಾ ಬಿಗಿಯಾಗಿ ಬರೆಸಬೇಡಿ. ನಾನು ಕಂಡ ಒಂದು ದತ್ತಿಪತ್ರದಲ್ಲಿ ‘ಬಿ.ಎ. ಐಚ್ಛಿಕ ಕನ್ನಡದಲ್ಲಿ ಪ್ರಥಮ ಬಂದವರಿಗೆ’ ಎಂದಷ್ಟೇ ಇತ್ತು. ಆ ಕಾಲೇಜಿನಲ್ಲಿ ಐಚ್ಛಿಕ ಕನ್ನಡವೇ ನಿಂತುಹೋಯಿತು. ಠೇವಣಿ ರಸೀದಿ ನವೀಕರಣ ಆಗುತ್ತಲೇ ಹೋಯಿತು, ಹಣ ಯಾರ ಕೈಗೂ ಸೇರಲಿಲ್ಲ. ಕೊಟ್ಟವರ ಮನಸ್ಸು ನೆನೆದರೆ ಸಂಕಟವಾಗುತ್ತದೆ. ಹೀಗೆ ಬರೆಸಿ: ‘ತುಳು ಮೌಖಿಕ ಸಾಹಿತ್ಯದ ಸಂಗ್ರಹ, ಸಂರಕ್ಷಣೆ, ಅಧ್ಯಯನಕ್ಕೆ, ಅದು ಸಾಧ್ಯವಾಗದಿದ್ದರೆ ಕರಾವಳಿಯ ಭಾಷೆ ಮತ್ತು ಇತಿಹಾಸದ ಸಂಶೋಧನೆಗೆ.’

ಸಂಸ್ಥೆಯ ಹೆಸರಿನಲ್ಲೂ ಎಚ್ಚರ ಬೇಕು. ಸಂಶೋಧನ ಕೇಂದ್ರ ಎಷ್ಟೋ ಕಡೆ ಕಾಲೇಜಿನ ಒಂದು ವಿಭಾಗ ಅಷ್ಟೆ, ಆಸ್ತಿ ಪಡೆಯುವ ಹಕ್ಕು ಅದನ್ನು ನಡೆಸುವ ಟ್ರಸ್ಟ್ ಅಥವಾ ಸೊಸೈಟಿಗೆ. ಅದರ ನೋಂದಾಯಿತ ಹೆಸರನ್ನೇ ಹಾಕಿಸಿ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಆ ಸಂಸ್ಥೆಯವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡಿ.

ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಮನೆಯಾದರೆ, ಕವರಿನಲ್ಲಿ, ಅಂದರೆ ತಾಯಿಯ ಕಡೆಯ ಕೂಡುಕುಟುಂಬದ ಆಸ್ತಿಯಲ್ಲಿ, ತಮಗಿರುವ ಹಕ್ಕನ್ನೂ ವೀಲು ಮಾಡಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಕಾಶ ಕೊಡುತ್ತದೆ. ಹಾಗಿದ್ದರೂ ಪಾಲಾಗದ ಜಾಗ ಬರೆದರೆ ಸಂಸ್ಥೆಯವರು ಕೋರ್ಟು ಅಲೆಯಬೇಕಾದೀತು, ಬ್ಯಾಂಕ್ ಠೇವಣಿಯನ್ನೇ ಬರೆಯಲಿ. ಇದನ್ನು ಓದುತ್ತಿರುವ ಕ್ರೈಸ್ತ ಬಂಧುಗಳಿಗೂ ಒಂದು ಮಾತು: ಹತ್ತಿರದ ಬಂಧುಗಳಿದ್ದವರು ಧರ್ಮಕಾರ್ಯಕ್ಕೆ ವೀಲು ಬರೆಯುವುದನ್ನು ಕಟ್ಟಿಹಾಕಿದ್ದ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮನ್ನು ಸುಪ್ರೀಂ ಕೋರ್ಟ್ 2003ರಲ್ಲೇ ರದ್ದು ಮಾಡಿದೆ. ಹಳೆಯ ಸಲಹೆ ಕೇಳಿ ಹಿಂಜರಿಯಬೇಡಿ.

ಸಾಧ್ಯವಾದರೆ ಚಿಕ್ಕಮ್ಮ ಒಂದು ಲಕ್ಷವನ್ನು ಈಗಲೇ ಕೊಡಲಿ, ಚೆಕ್ಕಿನಲ್ಲಿ. ಯಾರನ್ನು ಕಳಿಸಿದರು, ಏನು ಧ್ವನಿಮುದ್ರಿಸಿದರು ಎಂದು ಅವರೇ ಕೂತು ಕೇಳಬಹುದು. ಕೊಡುವ ಮುಂಚೆ ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಿ, ಉಳಿದ ಹಣವನ್ನು ಈ ಷರತ್ತಿನ ಮೇಲೆ ಒಪ್ಪಿಕೊಳ್ಳುತ್ತೇವೆ ಎಂಬ ಪತ್ರವನ್ನೂ ತೆಗೆದುಕೊಳ್ಳಿ. ಲೆಕ್ಕ ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಸಂಸ್ಥೆ ಹುಡುಕಿ.