ಗೇಜಿನ ಮುಳ್ಳು ಏಳರಲ್ಲಿದ್ದ ಮಾತ್ರಕ್ಕೆ ನೀರು ಬರುವುದಿಲ್ಲ

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಬೆಂಕಿ ಬಿದ್ದರೆ ಮೇಲಿನಿಂದ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಗೆ 12 ವರ್ಷವಾಯಿತು, ಒತ್ತಡ ಒಮ್ಮೆಯೂ ಇಳಿದಿಲ್ಲ, ಇದನ್ನೇ ನಂಬಬಹುದೇ ಅಥವಾ ಬೆಂಕಿಯ ಮೇಲೆ ನೊರೆ ಸುರಿಸುವ ವ್ಯವಸ್ಥೆಗೆ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ‘ಒತ್ತಡ ಇಳಿದಿಲ್ಲ’ ಎಂದು ನಾನೂ 14 ತಿಂಗಳ ಕಾಲ ಪ್ರತಿ ಸೋಮವಾರ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ್ದೇನೆ.

ನಾನು ನೋಡಿಕೊಳ್ಳುತ್ತಿದ್ದುದು ಹ್ಯಾಂಗರನ್ನಲ್ಲ, ದಾವಣಗೆರೆಯ ಹೊರವಲಯದ ಒಂದು ಹತ್ತಿ ಗೋದಾಮನ್ನು. ಆದರೆ ಪಂಪ್‌ಹೌಸ್, ಪೈಪಿನಲ್ಲಿ ಒತ್ತಡ ಇಳಿಯದಂತೆ ಕಾಯುವ ಸಣ್ಣ ಜಾಕಿ ಪಂಪ್, ನೆಲದಡಿಯ ಪೈಪು ಎಲ್ಲವೂ ನಿಮ್ಮಲ್ಲಿರುವ ಬಗೆಯವೇ. ಸೋರಿಕೆ ಸರಿಪಡಿಸಲು ಬಂದ ಫಿಟ್ಟರ್ ಗುಂಡಿಯೊಳಗಿನ ಗೇಟ್ ವಾಲ್ವನ್ನು ಮುಚ್ಚಿ, ಕೆಲಸ ಮುಗಿದ ಮೇಲೆ ಪೂರ್ತಿ ತೆರೆಯದೆ ಎರಡೇ ಸುತ್ತು ತಿರುಗಿಸಿ ಹೋದ. ಆ ಸಂದಿಯಲ್ಲಿ ನೀರು ನಿಧಾನವಾಗಿ ಇಳಿದು ಪೈಪು ತುಂಬಿತು, ಗೇಜು ಎಂದಿನಂತೆ ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡ ತೋರಿಸಿತು. ನಿಂತ ನೀರಿಗೆ ದಾರಿ ಅಗಲವಾಗಿದ್ದರೂ ಕಿರಿದಾಗಿದ್ದರೂ ಒತ್ತಡ ಒಂದೇ. ದಾರಿ ಕಿರಿದಾಗಿದೆಯೆಂಬುದು ನೀರು ಹರಿಯುವಾಗ ಮಾತ್ರ ತಿಳಿಯುತ್ತದೆ. ಡೀಸೆಲ್ ಪಂಪನ್ನು ವಾರಕ್ಕೊಮ್ಮೆ ಚಾಲೂ ಮಾಡುತ್ತಿದ್ದೆ, ನಿಜ. ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡುತ್ತಿದ್ದ ಯಜಮಾನರು ಒಂದು ಬಕೆಟ್ಟನ್ನೂ ಹೊರಗೆ ಬಿಡಗೊಡುತ್ತಿರಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ತಪ್ಪು ಫಿಟ್ಟರನದೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅವನು ತಪ್ಪಿದ್ದು ಒಂದು ದಿನ, ನಾನು ತಪ್ಪಿದ್ದು ಅರವತ್ತು ಸೋಮವಾರ.

ಬೇಲುಗಳ ಒಳಗೆ ಹೊಗೆಯಾಡುತ್ತಿದ್ದ ಬೆಂಕಿ ಒಂದು ಸಂಜೆ ಮೇಲೆದ್ದಾಗ, ಅದೇ ಪೈಪಿಗೆ ಮೆದುಗೊಳವೆ ಜೋಡಿಸುವ ಹೈಡ್ರಂಟ್ ತೆರೆದೆವು. ಒಂದು ಕ್ಷಣ ನೀರು ಚಿಮ್ಮಿತು, ಆಮೇಲೆ ಅಡುಗೆಮನೆಯ ನಲ್ಲಿಯಂತೆ ಸುರಿಯಿತು. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಅರ್ಧ ಗೋದಾಮು ಹೋಗಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 12 ವರ್ಷ ದೋಷ ಕಾಣಲಿಲ್ಲವೆಂದರೆ ಯಾರೂ ಹುಡುಕಲಿಲ್ಲವೆಂದೂ ಆಗಬಹುದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಪೈಪಿನೊಳಗೆ ಪದರ ಕಟ್ಟುತ್ತದೆ. ನಿಮ್ಮದು ಗಾಳಿ ತುಂಬಿದ ಒಣ ಪೈಪಾದರೆ ಇನ್ನೂ ಕಷ್ಟ: ತಗ್ಗಿನಲ್ಲಿ ಉಳಿದ ನೀರು ಮತ್ತು ಗಾಳಿ ಸೇರಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಪೈಪನ್ನು ಬಿಚ್ಚಿ ನೋಡಬೇಕು.

ನೊರೆಯ ವಿಚಾರ ಸದ್ಯಕ್ಕೆ ಬಿಡಿ. ಬೆಂಕಿಯೇ ಇಲ್ಲದೆ ನೊರೆ ಸುರಿದ ಪ್ರಕರಣಗಳು ಹ್ಯಾಂಗರುಗಳಲ್ಲಿ ಬೇಕಾದಷ್ಟಿವೆ. 2014ರಲ್ಲಿ ಅಮೆರಿಕದ ಎಗ್ಲಿನ್ ವಾಯುನೆಲೆಯಲ್ಲಿ ಹಾಗೆ ಸುರಿದ ನೊರೆಯಲ್ಲಿ ಸಿಲುಕಿ ಒಬ್ಬರು ಸತ್ತರು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಹ್ಯಾಂಗರುಗಳಿಗೆಂದೇ ರೂಪಿಸಿದ 409ನೇ ಮಾನದಂಡವೂ 2022ರ ಆವೃತ್ತಿಯಲ್ಲಿ ನೊರೆಯಿಲ್ಲದ ಮಾರ್ಗಗಳಿಗೆ ಅವಕಾಶ ಕೊಟ್ಟಿದೆ. ನೀರೇ ಸರಿಯಾಗಿ ಹರಿಯದ ಪೈಪಿನಲ್ಲಿ ನೊರೆಯೂ ಹರಿಯುವುದಿಲ್ಲ.

ಈ ವಾರ ಗೇಜಿನ ಅಂಕಿ ಬರೆದುಕೊಂಡು, ಪೈಪಿನ ನೀರನ್ನು ಹೊರಬಿಡುವ ಮುಖ್ಯ ಡ್ರೈನ್ ವಾಲ್ವನ್ನು ಪೂರ್ತಿ ತೆರೆದು, ನೀರು ಹರಿಯುತ್ತಿರುವಾಗಲೇ ಇನ್ನೊಮ್ಮೆ ಅಂಕಿ ನೋಡಿ. ಈ ಎರಡನೆಯ ಅಂಕಿ ಹಿಂದಿನ ಪರೀಕ್ಷೆಯದಕ್ಕಿಂತ ಶೇ. 10ಕ್ಕೂ ಹೆಚ್ಚು ಇಳಿದಿದ್ದರೆ ಪ್ರತಿ ಗುಂಡಿಗೂ ಇಳಿದು ವಾಲ್ವ್ ತಿರುಗಿಸಿ ನೋಡಿ. ನೀರು ಪೋಲಾಗುತ್ತದೆಂದು ಮೇಲಿನವರು ತಡೆದರೆ, ಡ್ರೈನಿನಿಂದ ತೊಟ್ಟಿಗೇ ಒಂದು ಪೈಪು ಹಾಕಿಸಿ.