ಕೆಲಸ, ಮನೆ, ಮಕ್ಕಳ ನಡುವೆ ದೇವರಿಗೆ ಮೊದಲ ಸ್ಥಾನ ಕೊಡುವುದು ಹೇಗೆ?

ಸಮಯ ಮಿಕ್ಕರೆ ಪ್ರಾರ್ಥನೆ ಎಂದುಕೊಂಡರೆ ಸಮಯ ಮಿಗುವುದೇ ಇಲ್ಲ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ನೋಡಿ: ಕಪೆರ್ನೌಮ್ ಎಂಬ ಊರಿನಲ್ಲಿ ಹೊತ್ತು ಮುಳುಗಿದ ಮೇಲೂ ಯೇಸುಸ್ವಾಮಿ ರೋಗಿಗಳನ್ನು ಗುಣಪಡಿಸುತ್ತಿದ್ದರು. ಆದರೂ ಮರುದಿನ ನಸುಕಿನಲ್ಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನ ಬಂದು ಹೇಳಿದಾಗ, ಆ ಗುಂಪಿನ ಕಡೆಗಲ್ಲ, ಸುತ್ತಲಿನ ಊರುಗಳತ್ತ ಹೊರಟರು. ಯಾವುದು ಮೊದಲು ಎಂಬ ಸ್ಪಷ್ಟತೆ ಆ ಏಕಾಂತದ ಫಲ ಅಂತ ನನಗನ್ನಿಸುತ್ತದೆ.

ನೀವು ಮೊಬೈಲ್ ಮುಟ್ಟುವ ಮುಂಚೆ ಹತ್ತು ನಿಮಿಷ ಕೊಡಿ. ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿದರೆ ಸಾಕು. 117ನೆಯದರಲ್ಲಿ ಇರುವುದೇ ಎರಡು ವಚನ. (119ರಿಂದ ಶುರು ಮಾಡಬೇಡಿ, ಅಲ್ಲಿ 176 ಇವೆ!) ಓದಿದ್ದರಲ್ಲಿ ಒಂದು ಮಾತನ್ನು ಬಸ್ಸಿನಲ್ಲೋ ಪಾತ್ರೆ ತೊಳೆಯುವಾಗಲೋ ಮೆಲುಕು ಹಾಕಿ. ಒಂದು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗದೆ ಮರುದಿನ ಮುಂದುವರಿಸಿ.