ಹೊಳ್ಳಿ ಅಂದ್ರ ಮರಾಠಿ ಅಲ್ಲಪಾ, ಹೊಳ್ಳಿ ಹೇಳ್ತೇನಿ ಕೇಳು

ನಿನ್ನೆ ಬೆಂಗಳೂರಿನ ವಿಜಯನಗರದ ಖಾನಾವಳ್ಯಾಗ ನಾ ಫೋನಿನ್ಯಾಗ "ಹೊಳ್ಳಿ ಮಾಡ್ತೇನಿ, ಇಡು" ಅಂದ್ನಿ. ಎದುರಿಗೆ ಕುಂತಿದ್ದ ನೀ ರೊಟ್ಟಿ ಮುರಿಯೂದು ಬಿಟ್ಟು "ಮಗಾ, ಹೊಳ್ಳಿ ಅಂದ್ರೆ ಏನು, ಮರಾಠಿನಾ? ನಿಮ್ದು ಹೆಂಗೂ ಅರ್ಧ ಮರಾಠಿನೇ ಅಲ್ವಾ" ಅಂದಿ. ಆಗ ಹಸಿವಾಗಿತ್ತು, ಸುಮ್ಮನಾದ್ನಿ. ಈಗ ಹೊಟ್ಟಿ ತುಂಬೇತಿ, ಬಸ್ಸು ಸಿಗ್ನಲ್‌ದಾಗ ಕಾಲ ಗಂಟೆ ಆತು ನಿಂತೇತಿ, ಹಿಂಗಾಗಿ ಟೈಪ್ ಮಾಡಾಕತ್ತೇನಿ.

ಹೊಳ್ಳು ಅಂದ್ರ ಹೊರಳು, ಹೊಳ್ಳಿ ಅಂದ್ರ ಹೊರಳಿ, ಅಂದ್ರ ಮತ್ತ ಇಲ್ಲಾ ವಾಪಸ್, ಅಷ್ಟ. ಹಳಗನ್ನಡದಾಗ ಪೊರಳ್, ತಮಿಳಿನ್ಯಾಗ ಪುರಳ್, ತೆಲುಗಿನ್ಯಾಗ ಪೊರಲು, ಎಲ್ಲಾ ಒಂದ ಬೇರಿನವು. ಮರಾಠಿ ಮಂದಿ ಇದಕ್ಕ ಪರತ ಅಂತಾರ, ಪುನ್ಹಾ ಅಂತಾರ, ಅವರ ಬಾಯಾಗ ಹೊಳ್ಳಿ ನಾ ಒಮ್ಮೆರ ಕೇಳಿಲ್ಲ. ನಮ್ಮ ಬೆಳಗಾವಿ ಕಡೆ ನಡುವಿನ ರಕಾರ ನುಂಗಿಬಿಡ್ತೇವಿ. ಕೊರಳು ಹೋಗಿ ಕೊಳ್ಳ, ಬೆರಳು ಹೋಗಿ ಬೆಳ್ಳ, ಪಂಚಮಿಗೆ ಹುರಿಯೋ ಜ್ವಾಳದ ಅರಳು ಹೋಗಿ ಅಳ್ಳು, ಮರಳಿ ಹೋಗಿ ಮಳ್ಳಿ. ಹೊಳ್ಳಿಮಳ್ಳಿ ಅಂದ್ರ ಹೊರಳಿ ಮರಳಿ, ಅಂದ್ರ ಮತ್ತ ಮತ್ತ. ನಗಬ್ಯಾಡ, ನೀವೂ ಹುರುಳಿಗೆ ಹುಳ್ಳಿ ಅಂತೀರಿ, ಹುಳ್ಳಿಕಾಳು ಸಾರು ಸುರಿಯೂಮುಂದ ಯಾರೂ ಮರಾಠಿ ಅನ್ನಂಗಿಲ್ಲ.

ಇನ್ನೊಂದು ಮಾತು. ನೀ ದಿನಾ "ತಿರ್ಗಾ ಹೇಳು, ತಿರ್ಗಾ ಬಾ" ಅಂತಿಯಲ್ಲ, ಅದು ತಿರುಗು ಅನ್ನೂದರಿಂದ ಬಂದದ್ದ ಅಲ್ಲೇನು? ನಿಂದು ತಿರುಗಿದ್ರ ಕನ್ನಡ, ನಂದು ಹೊರಳಿದ್ರ ಮರಾಠಿ. ಭಾಳ ಚಲೋ ನ್ಯಾಯ.

ಬಳಸೂದು ಏನು ದೊಡ್ಡ ವಿದ್ಯೆ ಅಲ್ಲ. ಹೊಳ್ಳಿ ನೋಡು ಅಂದ್ರ ಹಿಂದಕ ನೋಡು, ಹೊಳ್ಳಿ ಕೊಡು ಅಂದ್ರ ವಾಪಸ್ ಕೊಡು, ಹೊಳ್ಳಿ ಹೇಳು ಅಂದ್ರ ಇನ್ನೊಮ್ಮೆ ಹೇಳು, ಮಗ್ಗಲ ಹೊಳ್ಳು ಅಂದ್ರ ಮಲಗಿದಲ್ಲೇ ಆ ಕಡೆ ಆಗು. ಯಾವುದು ಯಾವಾಗ ಅನ್ನೂದು ನಮ್ಮ ಕಡೆ ಮೂರು ವರ್ಷದ ಹುಡುಗರಿಗೂ ಗೊತ್ತು.

ಗೋಳು ಬ್ಯಾರೆ ಐತಿ. ಈ ಊರಾಗ ಹೊಳ್ಳಿ ಅಂದ ಕೂಡ್ಲೆ ಅದನ್ನ ಹೊಳ್ಳಿ ಹೇಳಬೇಕಾಗ್ತೈತಿ. ಹನ್ನೊಂದು ವರ್ಷ ಆತು ಇಲ್ಲಿಗೆ ಬಂದು, ದಿನಕ್ಕ ಹತ್ತು ಸಲ "ಏನಂದ್ರಿ? ಇನ್ನೊಂದ್ ಸಲ ಹೇಳಿ" ಕೇಳಿ ಕೇಳಿ ಸಾಕಾಗೇತಿ. ಮೊದಲನೇ ವರ್ಷ ರಾತ್ರಿ ಆಟೋದಾಗ "ಅಣ್ಣಾರ, ಮುಂದ ಎಡಕ್ಕ ಹೊಳ್ಳಸ್ರಿ" ಅಂದ್ನಿ. ಅಂವ ಗಕ್ಕನ ಬ್ರೇಕ್ ಹಾಕಿ "ಹಳ್ಳನಾ? ಎಲ್ಲಿ ಸಾರ್ ಹಳ್ಳ?" ಅಂತ ತಲಿ ಹೊರಗ ಹಾಕಿ ನೋಡಿದ. ನಂಗ ಇನ್ನೂ ಗೊಂದಲ ಆತು, ಯಾಕಂದ್ರ ನಮ್ಮ ಕಡೆ ಹಳ್ಳ ಅಂದ್ರ ನೀರು ಹರಿಯೂದು, ಈ ಗಾಂಧಿನಗರದ ಗಲ್ಲ್ಯಾಗ ಅದೆಲ್ಲಿಂದ ಬಂತು ಅಂತ ನಾನೂ ಕೆಳಗ ನೋಡಿದ್ನಿ. ಆ ಮ್ಯಾಲ ಲೆಫ್ಟ್ ಅಂದ್ನಿ, ಹೋತು ಗಾಡಿ.

ಈಗ ಆಫೀಸಿನ್ಯಾಗ ನಾನೂ "ರಿಪೀಟ್ ಮಾಡ್ತೀನಿ" ಅಂತೇನಿ, ತಿರ್ಗಾ ಅನ್ನೂದೂ ಕಲ್ತೇನಿ. (ರಿಪೀಟ್ ಅನ್ನೋ ಶಬ್ದ ಒಂದ ಸಲಕ್ಕ ತಿಳಿಯೂದು ಬಾರಿನ್ಯಾಗ ಮಾತ್ರ, ಅಲ್ಲಿ ಯಾವ ಜಿಲ್ಲಾದಂವ ಅಂದ್ರೂ ಗ್ಲಾಸ್ ಬರ್ತೈತಿ.) ಪುನರಾವರ್ತಿಸು ಅನ್ನಾಕ ಹೋದ್ರ ನಂದ ನಾಲಗಿ ಹೊಳ್ಳೂದಿಲ್ಲ. ಆದ್ರ ಅವಸರದಾಗ, ಸಿಟ್ಟಿನ್ಯಾಗ, ಊರಿನ ಫೋನಿನ್ಯಾಗ ಹೊಳ್ಳಿನ ಬರ್ತೈತಿ, ನಾ ಏನ್ ಮಾಡ್ಲಿ?

ನಿನ್ನ "ಅರ್ಧ ಮರಾಠಿ" ಯಾಕ ಚುಚ್ಚಿತು ಹೇಳ್ತೇನಿ. ನಮ್ಮೂರು ಚಿಕ್ಕೋಡಿ ಹತ್ರ. ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕ ಹೋಗಿ ಅಂಗಡ್ಯಾಗ ಮರಾಠಿ ಮಾತಾಡಿದ್ರೂ, ನನ್ನ ರಾಗ ಕೇಳಿ "ಕಾನಡಿ" ಅಂತಾರ. ಐನೂರಕ್ಕೂ ಹೆಚ್ಚು ಕಿಲೋಮೀಟರ್ ಈ ಕಡೆ ಬಂದು ಕನ್ನಡ ಮಾತಾಡಿದ್ರ ನೀವು ಮರಾಠಿ ಅಂತೀರಿ. ನಮ್ಮತ್ತಿನ್ನ ಕೊಟ್ಟಿದ್ದು ಜತ್ತಕ್ಕ, ಅದು ಮಹಾರಾಷ್ಟ್ರ, ಅಲ್ಲಿ ಮನಿಯಾಗ ನಮ್ಮಂಗ ಕನ್ನಡ, ನಮ್ಮಂಗ ಹೊಳ್ಳಿ. ಗೆರಿ ಎಳದದ್ದು 1956ರಾಗ. ಗಡಿ ಜಗಳ ಬಗಿಹರಿಸಾಕ 1966ರಾಗ ಮಹಾಜನ ಆಯೋಗ ಮಾಡಿದ್ರು, ಮುಂದಿನ ವರ್ಷ ವರದಿ ಬಂತು, 2004ರಾಗ ಮಹಾರಾಷ್ಟ್ರದವರು ಸುಪ್ರೀಂ ಕೋರ್ಟಿಗೆ ಹೋದ್ರು. ಚಳಿಗಾಲಕ್ಕ ಬೆಳಗಾವ್ಯಾಗ ಅಧಿವೇಶನ ಹತ್ರ ಬಂತಂದ್ರ ಹೊಳ್ಳಿ ಅದ ಸುದ್ದಿ, ಗದ್ದಲ ಜೋರಾದ್ರ ಬಸ್ಸು ಗಡಿತನಾ ಬಂದು ಹೊಳ್ಳಿ ಹೋಗ್ತಾವ, ಸಂತಿಗೆ ಹೊಂಟವರು ಚೀಲ ಹಿಡಕೊಂಡು ರಸ್ತಾದಾಗ. ಪೇಪರಿನ್ಯಾಗ "ಗಡಿ ವಿವಾದ ಮರುಕಳಿಸಿದೆ" ಅಂತ ಬರೀತಾರ. ಮರುಕಳಿಸೂದು ಜ್ವರ, ಅದು ತಾನ ಬರ್ತೈತಿ. ಇದನ್ನ ಹೊಳ್ಳಿ ಹೊಳ್ಳಿ ತರ್ತಾರ, ತರವರು ಬ್ಯಾರೆ ಇರ್ತಾರ, ಬಸ್ ತಪ್ಪಿಸಿಕೊಳ್ಳವರು ನಾವು.

ಹೋಗ್ಲಿ ಬಿಡು, ಸಿಟ್ಟಾಗಬ್ಯಾಡ, ನೀ ಮಾರಾಯ ಛಲೋ ಮನುಷ್ಯಾನ ಇದ್ದಿ, ರೊಟ್ಟಿ ಬಿಲ್ಲೂ ನೀನ ಕೊಟ್ಟಿ. ನಿನ್ನೆ ಫೋನ್ ಮಾಡಿದ್ದು ನಮ್ಮವ್ವ. ರಾತ್ರಿ ಹೊಳ್ಳಿ ಮಾಡಿದಾಗ ಆಕಿ ಪ್ರತಿ ಸಲದಂಗ ಕೇಳಿದ್ಲು, "ಹೊಳ್ಳಿ ಯಾವಾಗ ಬರ್ತಿಯೋ?" ಇನ್ನೊಮ್ಮೆ ಯಾವಾಗ ಬರ್ತಿ ಅಂತನೂ ಆಗ್ತೈತಿ, ಕಾಯಂ ವಾಪಸ್ ಯಾವಾಗ ಬರ್ತಿ ಅಂತನೂ ಆಗ್ತೈತಿ. ನಾ "ಪಂಚಮಿಗೆ ಬರ್ತೇನಿ ಬೇ, ಎರಡು ದಿನ ರಜಾ ಐತಿ" ಅಂದ್ನಿ. ಆಕಿ ಸ್ವಲ್ಪ ತಡದು "ಹ್ಞೂಂ" ಅಂದ್ಲು. ಯಾವ ಹೊಳ್ಳಿ ಕೇಳಿದ್ಲು ಅಂತ ನಾ ಹೊಳ್ಳಿ ಕೇಳಲಿಲ್ಲ.